ಮಗ್ಗಗಳಿದ್ದ ಮಹಡಿಯಲ್ಲಿ ಮನೆ

ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ, ನಮ್ಮ ಊರಿನ ಹತ್ತಿರದ ವೆಸ್ಟ್‌ಫರ್ಡ್, ಚೆಮ್ಸ್‌ಫರ್ಡ್ ಕಡೆ ಇರುವ ಕನ್ನಡದ ಗೆಳೆಯರು ನಮ್ಮ ಮನೆಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. ಇಷ್ಟೇ ದುಡ್ಡಿಗೆ ಹೊಸ ಟೌನ್‌ಹೌಸ್ ಬರುತ್ತಿತ್ತಲ್ಲ, ಹೋಗಿ ಹೋಗಿ ಹಳೇ ಬಟ್ಟೆ ಗಿರಣಿಯಲ್ಲಿ ಯಾಕೆ ಮನೆ ತಗೊಂಡ್ರಿ? ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೇಳುತ್ತಾರೆ. ಒಳಗೆ ಬಂದು ಕಿಟಕಿಗಳನ್ನು ನೋಡಿದ ಮೇಲೆ ಸ್ವಲ್ಪ ಹೊತ್ತು ಆ ಮಾತು ಬಿಡುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: ಚಳಿಗಾಲದಲ್ಲಿ ಹೀಟಿಂಗ್ ಬಿಲ್ ಎಷ್ಟು ಬರುತ್ತೆ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಬಾಯಲ್ಲಿ ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವ ಲೋವೆಲ್ ಊರು ಬಾಸ್ಟನ್‌ನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರ. ಇಲ್ಲಿ ಮೆರಿಮ್ಯಾಕ್ ನದಿ ಪಾಟಕೆಟ್ ಅನ್ನುವ ಜಾಗದಲ್ಲಿ ಸುಮಾರು 32 ಅಡಿ ಕೆಳಕ್ಕೆ ಇಳಿಯುತ್ತದೆ. ಜಲಪಾತ ಅಂತ ನೋಡಿದರೆ ದೊಡ್ಡದಲ್ಲ. ಆದರೆ ಅಷ್ಟು ನೀರು ಅಷ್ಟು ಕೆಳಕ್ಕೆ ಬೀಳುವುದನ್ನು ನೋಡಿದ ಬಾಸ್ಟನ್ ವ್ಯಾಪಾರಿಗಳು ಇಲ್ಲೊಂದು ಊರನ್ನೇ ಕಟ್ಟಿದರು. ಊರಿಗೆ ಹೆಸರು ಕೊಟ್ಟ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಈ ಊರನ್ನು ನೋಡಲೇ ಇಲ್ಲ, 1817ರಲ್ಲೇ ತೀರಿಕೊಂಡ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಯಂತ್ರಮಗ್ಗಗಳನ್ನು ಕಣ್ಣಲ್ಲೇ ನೋಡಿ, ನೆನಪಿಟ್ಟುಕೊಂಡು ಬಂದು ವಾಲ್ತಮ್‌ನಲ್ಲಿ ಮೊದಲ ಗಿರಣಿ ಶುರು ಮಾಡಿದವನು ಅವನು. ಅವನ ಪಾಲುದಾರರು 1820ರ ದಶಕದಲ್ಲಿ ಇಲ್ಲಿಗೆ ಬಂದರು. ಮೊದಲೇ ಇದ್ದ ಒಂದು ಕಾಲುವೆಯನ್ನು ಅಗಲ ಮಾಡಿಸಿ, ಹೊಸ ಕಾಲುವೆ ತೋಡಿಸಿ, ಒಟ್ಟು 9 ಕಿಲೋಮೀಟರಿನಷ್ಟು ನೀರಿನ ಜಾಲವನ್ನೇ ಮಾಡಿದರು. ಅದರ ದಡದಲ್ಲಿ ಸಾಲಾಗಿ ಗಿರಣಿಗಳು ಎದ್ದವು.

ನಾನು ಹುಟ್ಟಿ ಬೆಳೆದದ್ದು ಗೋಕಾಕ ಫಾಲ್ಸ್‌ನಲ್ಲಿ, ಗಿರಣಿ ಕಾಲನಿಯಲ್ಲಿ. ಘಟಪ್ರಭಾ ಅಲ್ಲಿ 52 ಮೀಟರ್ ಎತ್ತರದಿಂದ ಬೀಳುತ್ತದೆ, ಆ ನೀರಿನ ಬಲ ನಂಬಿಕೊಂಡೇ 1880ರ ದಶಕದಲ್ಲಿ ನೂಲಿನ ಗಿರಣಿ ಬಂತು. ಅಪ್ಪ ಅಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮ್ ಖಾತೆಯಲ್ಲಿದ್ದರು. ಪಾಳಿ ಬದಲಾಗುವ ಭೋಂಗಾ ಕೇಳಿಕೊಂಡೇ ನಾವು ಶಾಲೆಗೆ ಹೋಗಿದ್ದು, ಊಟ ಮಾಡಿದ್ದು, ಮಲಗಿದ್ದು. ಹಾಗಾಗಿ ನದಿ, ಕಾಲುವೆ, ಇಟ್ಟಿಗೆಯ ಉದ್ದನೆಯ ಕಟ್ಟಡ ಇವೆಲ್ಲ ಸೇರಿದ ಊರು ನನಗೆ ಹೊಸದಲ್ಲ. ಲೋವೆಲ್‌ಗೆ ಮೊದಲ ಸಲ ಬಂದಾಗಲೇ ಇಲ್ಲಿ ಇರಬಹುದು ಅನ್ನಿಸಿತ್ತು.

ಈಗ ಆ ಕಿಟಕಿಗಳ ವಿಷಯ. ಹಳೇ ಗಿರಣಿಯ ಮಹಡಿಯಲ್ಲಿ ಮಾಡಿದ ಇಂಥ ಮನೆಗೆ ಲಾಫ್ಟ್ ಅನ್ನುತ್ತಾರೆ. ಲಾಫ್ಟ್ ಅಂದ ಕೂಡಲೇ ಜನ ಬಯಸುವುದು ದೊಡ್ಡ ಕಿಟಕಿ, ಎತ್ತರದ ಚಾವಣಿ, ಗೋಡೆ ಇಲ್ಲದ ವಿಶಾಲ ಜಾಗ. ಇವುಗಳಲ್ಲಿ ಯಾವುದನ್ನೂ ಮನುಷ್ಯರ ಸುಖಕ್ಕೆ ಅಂತ ಮಾಡಿಲ್ಲ. ವಿದ್ಯುತ್ ದೀಪ ಬರುವುದಕ್ಕೆ ದಶಕಗಳ ಮುಂಚೆ ಕಟ್ಟಿದ ಗಿರಣಿ ಇದು, ಹರಿದ ನೂಲಿನ ಎಳೆ ಕಣ್ಣಿಗೆ ಕಾಣಬೇಕಾದರೆ ಹಗಲಿನ ಬೆಳಕು ಒಳಗೆ ಬರಲೇಬೇಕಿತ್ತು. ಕಟ್ಟಡ ಉದ್ದವಾಗಿ, ಕಡಿಮೆ ಅಗಲದಲ್ಲಿ ಇರೋದೂ ಅದಕ್ಕೇ, ಎರಡೂ ಕಡೆಯ ಬೆಳಕು ನಡುವಿನ ಮಗ್ಗದವರೆಗೆ ತಲುಪಬೇಕು. ಚಾವಣಿ ಎತ್ತರ ಇರೋದು ತಲೆ ಮೇಲೆ ಉದ್ದಕ್ಕೂ ತಿರುಗುತ್ತಿದ್ದ ಶಾಫ್ಟ್ ಅನ್ನುವ ದಂಡಕ್ಕೆ, ಅದರಿಂದ ಕೆಳಕ್ಕಿಳಿದು ಒಂದೊಂದು ಮಗ್ಗವನ್ನೂ ತಿರುಗಿಸುತ್ತಿದ್ದ ಚರ್ಮದ ಬೆಲ್ಟ್‌ಗಳಿಗೆ. ಒಳಗೋಡೆ ಇಲ್ಲದಿರೋದು ಮಗ್ಗದ ಸಾಲು ಮುರಿಯಬಾರದು ಅಂತ.

ಅಪ್ಪ ಇಲ್ಲಿಗೆ ಬಂದಿದ್ದಾಗ ಮನೆಯನ್ನು ಅವರು ನೋಡಿದ ರೀತಿಯೇ ಬೇರೆ. ಸೋಫಾ, ಅಡುಗೆಮನೆ, ಹೊರಗಿನ ನದಿ ಯಾವುದರ ಕಡೆಗೂ ಲಕ್ಷ್ಯ ಹೋಗಲಿಲ್ಲ. ಮೊದಲು ತಲೆ ಎತ್ತಿ ತೊಲೆಗಳ ಅಡಿಯಲ್ಲಿದ್ದ ಬೋಲ್ಟ್ ತೂತುಗಳನ್ನು ನೋಡಿದರು. ಒಂದೇ ಅಂತರದಲ್ಲಿ, ಒಂದೇ ಗೆರೆಯಲ್ಲಿ ಆ ಕೊನೆಯವರೆಗೆ ಹೋಗಿವೆ. ಆಮೇಲೆ ಕೆಳಗೆ ಕೂತು ನೆಲ ಸವರಿದರು. ಮೇಪಲ್ ಮರದ ಹಲಗೆ ಅದು, ಎಷ್ಟು ಉಜ್ಜಿ ಪಾಲಿಶ್ ಮಾಡಿದರೂ ಅಲ್ಲಲ್ಲಿ ಕಪ್ಪು ಕಲೆ ಹೋಗಿಲ್ಲ. ಎಣ್ಣೆ ಕುಡಿದ ಮರ. "ಇಲ್ಲೊಂದು ಸಾಂಚಾ ಇತ್ತು, ಅಲ್ಲೊಂದು. ನಡುವ ಇಷ್ಟ ಜಾಗಾ, ಒಬ್ಬರ ಹೋಗಬೇಕು" ಅಂತ ಕೈಯಲ್ಲಿ ಅಳೆದು ತೋರಿಸಿದರು. ಅವರು ತೋರಿಸಿದ ಆ ಸಂದಿಯಲ್ಲೇ ನಮ್ಮ ಊಟದ ಮೇಜು ಇದೆ.

ಕಿಟಕಿ ತೆಗೆದು ನದಿಯ ಗಾಳಿ ಬರಲಿ ಅಂತ ನಾನು ಹೋದೆ. ಅದಕ್ಕೆ ಅವರು ಹೇಳಿದ್ದು: "ಆಗ ಇದನ್ನ ತೆಗೀತಿರಲಿಲ್ಲವ್ವಾ. ಒಣಾ ಗಾಳಿ ಬಂದ್ರ ನೂಲು ಹರೀತೈತಿ."

ಅದು ನಿಜ. ನೂಲು ತೇವದಲ್ಲಿರಬೇಕು ಅಂತ ಲೋವೆಲ್‌ನ ಗಿರಣಿಗಳಲ್ಲೂ ಕಿಟಕಿ ಮುಚ್ಚಿ, ಒಳಗೆ ಹಬೆ ಬಿಟ್ಟು ಕೆಲಸ ಮಾಡಿಸುತ್ತಿದ್ದರು. ಬೇಸಿಗೆಯಲ್ಲೂ ಅಷ್ಟೇ. ಹತ್ತಿಯ ನವಿರು ಧೂಳು ಗಾಳಿಯಲ್ಲಿ ತುಂಬಿರುತ್ತಿತ್ತು, ಅದೇ ಎದೆಗೆ ಹೋಗುತ್ತಿತ್ತು. ಲಾಳಿಯ ತೂತಿನಿಂದ ನೂಲನ್ನು ಬಾಯಲ್ಲಿ ಎಳೆದು ಪೋಣಿಸುವ ಪದ್ಧತಿಯಿತ್ತು, ಒಂದೇ ಲಾಳಿಗೆ ಹತ್ತಾರು ಜನರ ಬಾಯಿ. ಇವತ್ತು ಏಜೆಂಟರು ಬೆಳಕು ತುಂಬಿದ ಗಾಳಿಯಾಡುವ ಮನೆ ಅಂತ ತೋರಿಸುವ ಇದೇ ಕಿಟಕಿಗಳ ಪಕ್ಕ ನಿಂತವರಿಗೆ ಗಾಳಿ ಸಿಗುತ್ತಿರಲಿಲ್ಲ.

ನಿಂತವರು ಯಾರು? ಮೊದಲ ಎರಡು ಮೂರು ದಶಕ ಹೆಚ್ಚಾಗಿ ಹೆಣ್ಣುಮಕ್ಕಳು. ನ್ಯೂ ಇಂಗ್ಲೆಂಡಿನ ಹಳ್ಳಿಗಳಿಂದ, ಹೊಲಮನೆಗಳಿಂದ ಬಂದ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗಿಯರು. ವಾರಕ್ಕೆ ಸರಾಸರಿ 73 ಗಂಟೆ ಕೆಲಸ. ಕಂಪನಿಯ ಬೋರ್ಡಿಂಗ್ ಮನೆಗಳಲ್ಲಿ ವಾಸ, ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಉಣ್ಣಬೇಕು. ಶರತ್ಕಾಲದಿಂದ ಮಾರ್ಚ್‌ವರೆಗೆ ಹಗಲು ಸಾಲದೆ ಎಣ್ಣೆ ದೀಪ ಹಚ್ಚಿಕೊಂಡು ದುಡಿಯಬೇಕು. ಹಾಗಂತ ಅವರು ಸುಮ್ನೆ ತಲೆ ತಗ್ಗಿಸಿಕೊಂಡು ಇರಲಿಲ್ಲ. 1834ರಲ್ಲಿ ಕೂಲಿ ಕಡಿತ ಮಾಡಿದಾಗ ಕೆಲಸ ಬಿಟ್ಟು ಬೀದಿಗೆ ಬಂದರು. 1836ರಲ್ಲಿ ಬೋರ್ಡಿಂಗ್ ಖರ್ಚನ್ನು ಅವರ ತಲೆಗೆ ಕಟ್ಟಿದಾಗ ಮತ್ತೆ ಬಂದರು. ಸಾರಾ ಬ್ಯಾಗ್ಲಿ ಅನ್ನುವ ಗಿರಣಿ ಹೆಣ್ಣುಮಗಳ ನಾಯಕತ್ವದಲ್ಲಿ 1840ರ ದಶಕದಲ್ಲಿ ಸಂಘ ಕಟ್ಟಿ, ದಿನಕ್ಕೆ ಹತ್ತು ಗಂಟೆ ಕೆಲಸ ಸಾಕು ಅಂತ ಸಾವಿರಾರು ಸಹಿ ಹಾಕಿಸಿ ರಾಜ್ಯದ ಶಾಸನಸಭೆಗೆ ಕೊಟ್ಟರು. ಹೆಂಗಸರಿಗೆ ಹತ್ತು ಗಂಟೆಯ ಕಾನೂನು ಮ್ಯಾಸಚುಸೆಟ್ಸ್‌ನಲ್ಲಿ ಬಂದದ್ದು 1874ರಲ್ಲಿ, ಅಷ್ಟೊತ್ತಿಗೆ ಆ ಹುಡುಗಿಯರ ಜಾಗಕ್ಕೆ ಐರಿಶರು, ಕೆನಡಾದ ಫ್ರೆಂಚರು ಬಂದಾಗಿತ್ತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಇಲ್ಲಿಗೆ ಬರುತ್ತಿದ್ದ ಹತ್ತಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನ ಬೆಳೆದದ್ದು, ಬಿಡಿಸಿದ್ದು. ಲೋವೆಲ್‌ನ ಕೆಲವು ಗಿರಣಿಗಳು ಅದೇ ಹತ್ತಿಯಿಂದ ಒರಟು ಬಟ್ಟೆ ನೇಯ್ದು, ಆ ಗುಲಾಮರಿಗೇ ತೊಡಿಸಲು ತೋಟದ ಮಾಲೀಕರಿಗೆ ವಾಪಸ್ ಮಾರುತ್ತಿದ್ದವು. ಇಟ್ಟಿಗೆ ಗೋಡೆಯ ಚಂದ ಹೊಗಳುವಾಗ ಇದನ್ನು ಬಿಟ್ಟು ಹೇಳಿದರೆ ಅದು ಅರ್ಧ ಚರಿತ್ರೆ. ನಮ್ಮ ಕಟ್ಟಡದ ಲಾಬಿಯಲ್ಲಿ ಹಳೇ ಫೋಟೋಗಳಿವೆ, ಗೇರ್ ಚಕ್ರವೊಂದಿದೆ, ಈ ಹತ್ತಿ ಎಲ್ಲಿಂದ ಬಂತು ಅನ್ನುವ ಒಂದು ಸಾಲೂ ಇಲ್ಲ. ಒಂದು ಫಲಕ ಹಾಕೋಣ ಅಂತ ನಾನು ಕಟ್ಟಡದ ಮನೆ ಮಾಲೀಕರ ಸಂಘದಲ್ಲಿ ಕೇಳಿದ್ದೇನೆ, ಕೇಳುತ್ತಲೇ ಇರುತ್ತೇನೆ.

ಕಟ್ಟಡ ಹೇಗೆ ನಿಂತಿದೆ ಅನ್ನೋದು ನನಗೆ ತುಂಬಾ ಇಷ್ಟದ ವಿಷಯ. ಗಿರಣಿಗಳ ದೊಡ್ಡ ಭಯ ಬೆಂಕಿ. ಹತ್ತಿ ಧೂಳು, ಎಣ್ಣೆ, ದೀಪ ಎಲ್ಲ ಒಂದೇ ಕಡೆ. ಅದಕ್ಕೆ ಇಲ್ಲಿನವರು ಕಂಡುಕೊಂಡ ದಾರಿ ಮರವನ್ನೇ ದಪ್ಪ ಮಾಡೋದು. ಸಣ್ಣ ರೀಪು ಬೇಗ ಉರಿದು ಹೋಗುತ್ತದೆ, ಒಂದಡಿ ದಪ್ಪದ ತೊಲೆ ಹೊರಗೆ ಇದ್ದಿಲಾಗಿ ಒಳಗೆ ಗಟ್ಟಿಯಾಗೇ ಉಳಿಯುತ್ತದೆ, ಬೆಂಕಿ ಆರಿಸೋಕೆ ಸಮಯ ಸಿಗುತ್ತದೆ. ಮಹಡಿಯ ನೆಲವೂ ಮೂರು ಅಂಗುಲದ ಹಲಗೆ, ಅದರ ಮೇಲೆ ಮೇಪಲ್. ಬೆಂಕಿ ಅಡಗಿ ಕೂರೋಕೆ ಟೊಳ್ಳು ಜಾಗ ಎಲ್ಲೂ ಬಿಡಲಿಲ್ಲ. ಮೆಟ್ಟಿಲುಗಳನ್ನು ಕಟ್ಟಡದ ಹೊರಗೆ ಬೇರೆ ಗೋಪುರದಲ್ಲಿಟ್ಟರು, ಒಂದು ಮಹಡಿಯ ಬೆಂಕಿ ಇನ್ನೊಂದಕ್ಕೆ ಹತ್ತಬಾರದು ಅಂತ. ಇನ್ನೂ ಒಂದು ಜಾಣತನ ಇದೆ. ಗೋಡೆಯೊಳಗೆ ಸೇರುವ ತೊಲೆಯ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ತೊಲೆ ನಡುವೆ ಸುಟ್ಟು ಮುರಿದರೆ ಅದು ಜಾರಿ ಕೆಳಗೆ ಬೀಳಬೇಕು, ಗೋಡೆಯನ್ನು ಮೀಟಿ ಬೀಳಿಸಬಾರದು. ನಮ್ಮ ಮೇಲಿನ ಮಹಡಿಯಲ್ಲಿ ರಿಪೇರಿಗೆ ಇಟ್ಟಿಗೆ ಬಿಚ್ಚಿದಾಗ ಆ ಓರೆ ತುದಿಯನ್ನು ಕಣ್ಣಾರೆ ನೋಡಿದೆ. ಕೊಡಲಿಯ ಗುರುತು ಹಾಗೇ ಇತ್ತು.

ಟೊಳ್ಳು ಇಲ್ಲದ ಆ ನೆಲವೇ ನಮ್ಮ ದಿನನಿತ್ಯದ ದೊಡ್ಡ ತೊಂದರೆ. ಶಬ್ದ ತಡೆಯುವ ಪದರ ಹಾಕೋಕೆ ಜಾಗವೇ ಇಲ್ಲ. ಕೆಳಗಿನಿಂದ ಹಾಕಿದರೆ ತೊಲೆ, ಹಲಗೆ ಮುಚ್ಚಿಹೋಗುತ್ತವೆ, ಅದಕ್ಕೇ ಅಲ್ವಾ ಜನ ದುಡ್ಡು ಕೊಟ್ಟಿದ್ದು. ಮೇಲಿನ ಮನೆಯಲ್ಲಿ ಮಗು ಚೆಂಡು ಬಿಟ್ಟರೆ ನಮಗೆ ಗೊತ್ತಾಗುತ್ತದೆ. ಕುರ್ಚಿ ಎಳೆದರೂ ಗೊತ್ತಾಗುತ್ತದೆ. ರಾತ್ರಿ ಹತ್ತರ ಮೇಲೆ ನಾನು ಮಿಕ್ಸರ್ ಹಾಕುವುದಿಲ್ಲ, ದೋಸೆ ಹಿಟ್ಟು ಸಂಜೆಯೇ ರುಬ್ಬಿ ಇಡುತ್ತೇನೆ.

ಒಗ್ಗರಣೆಯದು ಬೇರೆ ಕಥೆ. ಒಳಗೋಡೆ ಇಲ್ಲದ ಮನೆಯಲ್ಲಿ ಅಡುಗೆ ಕಟ್ಟೆಯ ವಾಸನೆ ನೇರ ಹಾಸಿಗೆವರೆಗೆ. ಹೊಗೆ ಹೊರಗೆ ಹಾಕುವ ಚಿಮಣಿ ಹಾಕೋಣ ಅಂದರೆ ಹೊರಗೋಡೆಗೆ ತೂತು ಹೊಡೆಯುವಂತಿಲ್ಲ. ಗೋಡೆ ನಮ್ಮದಲ್ಲ, ಎಲ್ಲರದು. ಜೊತೆಗೆ ಹೊರಗಿನಿಂದ ಕಾಣುವ ಏನೇ ಬದಲಾವಣೆ ಇದ್ದರೂ ಹಳೇ ಕಟ್ಟಡಗಳ ರೂಪ ಕಾಯುವ ನಗರದ ಹಿಸ್ಟಾರಿಕ್ ಬೋರ್ಡ್ ಒಪ್ಪಬೇಕು. ಹಾಗಾಗಿ ಗಾಳಿಯನ್ನು ಇದ್ದಿಲ ಫಿಲ್ಟರ್‌ನಲ್ಲಿ ಸೋಸಿ ಒಳಗೇ ಬಿಡುವ ಯಂತ್ರವೇ ಗತಿ. ಸಾಸಿವೆ ಸಿಡಿಯುವ ಮುಂಚೆ ಕಿಟಕಿ ತೆಗೆಯಬೇಕು, ಜನವರಿಯಲ್ಲೂ. ಮೆಣಸಿನಕಾಯಿ ಹುರಿಯುವ ಕೆಲಸವನ್ನು ನಾನು ಬೇಸಿಗೆಗೆ ಅಂತಲೇ ಇಟ್ಟುಕೊಂಡಿದ್ದೇನೆ. ಹೀಟಿಂಗ್ ಬಿಲ್ ಕೇಳುವವರಿಗೆ: ಹೌದು, ಜಾಸ್ತಿ. ಬೆಚ್ಚನೆ ಗಾಳಿ ಎಲ್ಲ ಮೇಲೆ ಚಾವಣಿಗೆ ಹೋಗಿ ಕೂರುತ್ತದೆ, ಇಟ್ಟಿಗೆ ಗೋಡೆಗೆ ಒಳಗಿನಿಂದ ಹೊದಿಕೆ ಇಲ್ಲ. ಸೀಲಿಂಗ್ ಫ್ಯಾನನ್ನು ಚಳಿಗಾಲದಲ್ಲಿ ಉಲ್ಟಾ ತಿರುಗಿಸಿದರೆ ಸ್ವಲ್ಪ ಕೆಳಗೆ ಬರುತ್ತದೆ.

ಇನ್ನು ಮಾಲೀಕತ್ವ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕೊಂಡವರಿಗೆ ಅವಿಭಜಿತ ಪಾಲು ಅಂದರೇನು ಗೊತ್ತಿರುತ್ತದೆ, ಕರ್ನಾಟಕದಲ್ಲಿ ಅದಕ್ಕೆ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಇದೆ. ಇಂಥ ಸ್ವಂತ ಅಪಾರ್ಟ್‌ಮೆಂಟಿಗೆ ಇಲ್ಲಿ ಕಾಂಡೋ ಅನ್ನುತ್ತಾರೆ, ಮ್ಯಾಸಚುಸೆಟ್ಸ್‌ನ ಕಾಂಡೋ ಕಾನೂನು 1963ರದು. ತಿರುಳು ಒಂದೇ: ನಿಮ್ಮ ನಾಲ್ಕು ಗೋಡೆಯ ಒಳಗಿನ ಜಾಗ ನಿಮ್ಮದು, ಗೋಡೆ, ಚಾವಣಿ, ಮೆಟ್ಟಿಲು, ಪೈಪು ಎಲ್ಲರದು, ಮನೆಯ ಬೆಲೆಗೆ ತಕ್ಕ ಹಾಗೆ ಖರ್ಚಿನಲ್ಲಿ ಪಾಲು. ಹೊಸ ಕಟ್ಟಡದಲ್ಲಿ ಇದು ಕಾಗದದ ಮಾತು ಅಷ್ಟೇ. ಇಷ್ಟು ಹಳೆಯ ಗಿರಣಿಯಲ್ಲಿ ಇದು ಪ್ರತಿ ವರ್ಷದ ಜೀವನ.

ನಮ್ಮ ಗೋಡೆಯದೇ ನೋಡಿ. ಹಳೇ ಇಟ್ಟಿಗೆ ಮೆತ್ತಗೆ, ಅದನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಮಳೆ ನೀರು ಗೋಡೆಯೊಳಗೆ ಹೋದರೆ ಗಾರೆಯ ಮೂಲಕ ಹೊರಗೆ ಬಂದು ಒಣಗುತ್ತದೆ, ಸವೆದರೆ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ನಾವು ಬರುವ ಎಷ್ಟೋ ವರ್ಷ ಮುಂಚೆ ಯಾರೋ ಗುತ್ತಿಗೆದಾರರು ನದಿ ಕಡೆಯ ಗೋಡೆಯ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿ ಹೋಗಿದ್ದರು. ನೋಡೋಕೆ ಭದ್ರ. ಆದರೆ ನೀರಿಗೆ ಹೊರಬರುವ ದಾರಿ ಸಿಮೆಂಟ್‌ನಲ್ಲಿ ಮುಚ್ಚಿತು, ಅದು ಇಟ್ಟಿಗೆಯಲ್ಲೇ ನಿಂತಿತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿತು. ಈಗ ಇಟ್ಟಿಗೆಯ ಮುಖ ಹಪ್ಪಳದ ಹಾಗೆ ಎದ್ದು ಬರುತ್ತಿದೆ. ಕೈಯಲ್ಲಿ ಮುಟ್ಟಿದರೆ ಕೆಂಪು ಪುಡಿ ಉದುರುತ್ತದೆ. ಆ ಸಿಮೆಂಟನ್ನು ಇಟ್ಟಿಗೆಗೆ ಪೆಟ್ಟಾಗದ ಹಾಗೆ ಕೆರೆದು ತೆಗೆದು, ಮತ್ತೆ ಸುಣ್ಣದ ಗಾರೆ ತುಂಬಬೇಕು. ಗೇಣು ಗೇಣು ಕೆಲಸ. ಮಾಡಬಲ್ಲ ಮೇಸ್ತ್ರಿಗಳು ಕಡಿಮೆ.

ಇದಕ್ಕೆ ದುಡ್ಡು ಎಲ್ಲಿಂದ? ಗಿರಣಿಯನ್ನು ಮನೆಗಳಾಗಿ ಮಾಡುವವರಿಗೆ ಅಮೆರಿಕ ಸರ್ಕಾರ ಖರ್ಚಿನ 20 ಪರ್ಸೆಂಟ್ ತೆರಿಗೆ ರಿಯಾಯಿತಿ ಕೊಡುತ್ತದೆ, ಹಳೇ ರೂಪ ಕೆಡಿಸಬಾರದು ಅನ್ನುವ ಷರತ್ತಿನ ಮೇಲೆ. ಆದರೆ ಅದು ಆದಾಯ ತರುವ ಕಟ್ಟಡಕ್ಕೆ ಮಾತ್ರ. ಐದು ವರ್ಷದೊಳಗೆ ಮಾರಿದರೆ ರಿಯಾಯಿತಿಯನ್ನು ಹಿಂದಿರುಗಿಸಬೇಕಾಗುತ್ತದೆ. ಹಾಗಾಗಿ ಎಷ್ಟೋ ಗಿರಣಿಗಳು ಬಾಡಿಗೆ ಮನೆಗಳಾಗೇ ಉಳಿದಿವೆ, ಕೆಲವನ್ನು ಅವಧಿ ಮುಗಿದ ಮೇಲೆ ಕಾಂಡೋ ಮಾಡಿ ಮಾರಿದ್ದಾರೆ. ಸ್ವಂತಕ್ಕೆ ವಾಸ ಮಾಡುವ ನಮಗೆ ಆ ರಿಯಾಯಿತಿ ಇಲ್ಲ. ಕಟ್ಟಡಕ್ಕೆ ಹೊಸ ಜೀವ ಕೊಡೋಕೆ ಸರ್ಕಾರ ಸಹಾಯ ಮಾಡುತ್ತದೆ, ಆಮೇಲಿನ ನೂರು ವರ್ಷ ಅದನ್ನು ಕಾಪಾಡುವವರು ತಮ್ಮ ಜೇಬಿನಿಂದಲೇ ಕೊಡಬೇಕು. ಇದು ನನಗೆ ಸರಿ ಕಾಣುವುದಿಲ್ಲ.

ಗೋಡೆ ರಿಪೇರಿಯ ಸಭೆ ರಾತ್ರಿ ತಡವಾಗುವವರೆಗೆ ನಡೆಯಿತು. ನಿವೃತ್ತ ಶಿಕ್ಷಕಿಯೊಬ್ಬರು, ಪಿಂಚಣಿಯಲ್ಲಿ ಬದುಕುವವರು, ಹೆಚ್ಚುವರಿ ಹಣ ಒಂದೇ ಸಲ ಕೇಳಿದರೆ ತಾನು ಮನೆ ಮಾರಬೇಕಾಗುತ್ತದೆ ಅಂದರು. ಹೊಸದಾಗಿ ಬಂದ ಹುಡುಗ ಹುಡುಗಿ ಮೊದಲು ಕಿಟಕಿ ಬದಲಾಯಿಸಿ ಅಂದರು, ಅವರ ಮನೆಗೆ ಗಾಳಿ ನುಗ್ಗುತ್ತಿತ್ತು. ಕಾಂಬೋಡಿಯಾ ಮೂಲದ ನರ್ಸ್ ಒಬ್ಬರಿದ್ದಾರೆ, ಲೋವೆಲ್‌ನಲ್ಲಿ ಕಾಂಬೋಡಿಯಾದವರು ಬಹಳ ಜನ. ಅವರು ಎದ್ದು ನಿಂತು, ಗೋಡೆ ಗಟ್ಟಿ ಇಲ್ಲದೆ ಕಿಟಕಿ ಯಾವುದಕ್ಕೆ ಕೂರಿಸುತ್ತೀರಿ ಅಂತ ಕೇಳಿದರು. ಕೊನೆಗೆ ಸಂಘದ ಹೆಸರಲ್ಲಿ ಸಾಲ ತೆಗೆದು, ಎಲ್ಲರೂ ಕಂತಿನಲ್ಲಿ ಕಟ್ಟೋದು ಅಂತ ತೀರ್ಮಾನ ಆಯಿತು. ಶಿಕ್ಷಕಿ ಹೌದು ಅಂತ ಕೈ ಎತ್ತಿದಾಗ ನನಗೆ ನಿಜವಾಗಿ ಸಮಾಧಾನ ಆಯಿತು. ಇಂಥ ಕಟ್ಟಡ ಉಳಿಯೋದು ಈ ಸಭೆಗಳಲ್ಲೇ ಅಂತ ನಾನು ನಂಬಿದ್ದೇನೆ. ಪಾರ್ಕ್, ಮ್ಯೂಸಿಯಂ ಎಲ್ಲ ಬೇಕು. ಆದರೆ ಊರಿನಲ್ಲಿರುವ ಇಷ್ಟೊಂದು ಇಟ್ಟಿಗೆಯನ್ನು ಮ್ಯೂಸಿಯಂ ಒಂದೇ ಹೊರಲಾರದು.

ಲೋವೆಲ್ ಕೂಡ ಇದನ್ನು ಕಲಿತದ್ದು ಕಳೆದುಕೊಂಡ ಮೇಲೆ. 1920ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಕಡಿಮೆ ಕೂಲಿಯ ದಕ್ಷಿಣಕ್ಕೆ ಹೋಯಿತು. ಬೂಟ್ ಮಿಲ್ಸ್ ಅನ್ನುವ ಗಿರಣಿ 1950ರ ದಶಕದವರೆಗೆ ಎಳೆದಾಡಿಕೊಂಡು ನಡೆಯಿತು. ಊರಿನ ಮೊದಲ ದೊಡ್ಡ ಗಿರಣಿ ಮೆರಿಮ್ಯಾಕ್ ಕಂಪನಿಯದನ್ನು, ಅದರ ಬೋರ್ಡಿಂಗ್ ಮನೆಗಳನ್ನು 1960ರ ದಶಕದಲ್ಲಿ ಊರು ಹೊಸದು ಮಾಡುತ್ತೇವೆ ಅಂತ ಕೆಡವಿದರು. ಆ ಆಘಾತದಿಂದಲೇ ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣಾಧಿಕಾರಿ ಇಡೀ ಊರೇ ಒಂದು ಪಾಠಶಾಲೆ ಆಗಬಹುದು ಅಂತ ಹೇಳತೊಡಗಿದರು, ಇದೇ ಊರಿನ ಪಾಲ್ ಸಾಂಗಸ್ ಸಂಸತ್ತಿನಲ್ಲಿ ಹೋರಾಡಿದರು. 1978ರಲ್ಲಿ ಇಲ್ಲಿ ರಾಷ್ಟ್ರೀಯ ಚಾರಿತ್ರಿಕ ಪಾರ್ಕ್ ಬಂತು. ಬೂಟ್ ಮಿಲ್ಸ್‌ನ ಒಂದು ಮಹಡಿಯಲ್ಲಿ ಈಗಲೂ ಹಳೇ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಉಳಿದವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡರು, ಅವರು ಬೇಡ ಅಂದರು.

ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಬಿನ್ನಿ ಮಿಲ್ ಜಾಗದಲ್ಲಿ ಮಾಲೂ ಅಪಾರ್ಟ್‌ಮೆಂಟೂ ಇವೆ, ಬಿನ್ನಿಪೇಟೆ ಅನ್ನುವ ಹೆಸರು ಉಳಿದಿದೆ. ಮುಂಬೈಯ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನಲ್ಲಿ 1982ರ ಮುಷ್ಕರದ ನಂತರ ಆದದ್ದೂ ಹೆಚ್ಚುಕಡಿಮೆ ಇದೇ. ನಮ್ಮಲ್ಲಿ ಜಾಗಕ್ಕೆ ಬೆಲೆ, ಕಟ್ಟಡಕ್ಕಿಲ್ಲ. ನಮ್ಮ ಹುಬ್ಬಳ್ಳಿ, ದಾವಣಗೆರೆಯ ಹಳೇ ಗಿರಣಿಗಳ ಒಂದಾದರೂ ಶೆಡ್ಡನ್ನು ಕೆಡವದೆ, ಅಲ್ಲಿ ದುಡಿದವರ ಮಕ್ಕಳಿಗೂ ಕೈಗೆಟುಕುವ ಮನೆಗಳನ್ನಾಗಿ ಮಾಡಬಹುದಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಲೋವೆಲ್‌ನಲ್ಲೂ ಕೈಗೆಟುಕುವುದು ಕಷ್ಟವಾಗುತ್ತಿದೆ. ಒಂದು ಕಾಲಕ್ಕೆ ಖಾಲಿ ಗಿರಣಿಗಳಲ್ಲಿ ಅಗ್ಗದ ಜಾಗ ಸಿಗುತ್ತೆ ಅಂತ ಬಂದ ಕಲಾವಿದರಿಗೇ ಈಗ ಇಲ್ಲಿ ಮನೆ ಕೊಳ್ಳೋಕೆ ಆಗುತ್ತಿಲ್ಲ.

ಇಷ್ಟೆಲ್ಲ ಓದಿಯೂ ತಗೊಳ್ಳೋಣ ಅನ್ನಿಸಿದರೆ, ಗೆಳೆಯರೇ, ಕಿಟಕಿ ನೋಡುವ ಮೊದಲು ಕಾಗದ ಕೇಳಿ. ಸಂಘದ ಮೀಸಲು ನಿಧಿ ಎಷ್ಟಿದೆ, ಹೋದ ವರ್ಷಗಳ ಸಭೆಯ ನಡಾವಳಿ ಎಲ್ಲಿದೆ, ಗೋಡೆಯ ಗಾರೆ ಕೆಲಸ ಯಾವಾಗ ಆಯಿತು, ಸುಣ್ಣದಲ್ಲೋ ಸಿಮೆಂಟ್‌ನಲ್ಲೋ, ಕಿಟಕಿ ಕೆಟ್ಟರೆ ಖರ್ಚು ಮನೆಯವರದೋ ಸಂಘದ್ದೋ, ಇವಕ್ಕೆ ನೇರ ಉತ್ತರ ಸಿಗದಿದ್ದರೆ ಮುಂದಿನ ಮನೆ ನೋಡಿ. ನೆಲಮಾಳಿಗೆಗೆ ಇಳಿದು ಗೋಡೆ ಮುಟ್ಟಿ, ತೇವ ಇದೆಯಾ ನೋಡಿ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಮೇಲಿನ ಮನೆಯವರು ಎದ್ದು ಓಡಾಡುವ ಹೊತ್ತಿಗೆ ಹೋಗಿ, ಏಜೆಂಟ್‌ಗೆ ಸ್ವಲ್ಪ ಮಾತು ನಿಲ್ಲಿಸೋಕೆ ಹೇಳಿ, ಹತ್ತು ನಿಮಿಷ ಕೇಳಿಸಿಕೊಳ್ಳಿ. ನಮ್ಮ ಮನೆಗೇ ಬಂದು ಕೇಳಿಸಿಕೊಂಡರೂ ಆಯಿತು, ಮೇಲಿನ ಮಗು ಏಳು ಗಂಟೆಗೆಲ್ಲ ಎದ್ದಿರುತ್ತದೆ.